ಮೊದಲು ಬದಿ, ಆಮೇಲೆ ಸಾಲು: ದೂರದ ವಿಮಾನದಲ್ಲಿ ಕಿಟಕಿ ಸೀಟು ಆರಿಸುವ ಬಗೆ

ವಿಮಾನ 11 ಕಿ.ಮೀ. ಎತ್ತರದಲ್ಲಿ ಹಾರುವಾಗ ದಿಗಂತ ಸುಮಾರು 370 ಕಿ.ಮೀ. ದೂರದಲ್ಲಿರುತ್ತದೆ. ಬೆಂಗಳೂರಿನ ನೆತ್ತಿಯ ಮೇಲೆ ಆ ಎತ್ತರದಲ್ಲಿದ್ದರೆ ಒಂದು ಕಡೆ ಮಂಗಳೂರಿನ ಕಡಲು, ಇನ್ನೊಂದು ಕಡೆ ಚೆನ್ನೈನ ಕಡಲು, ಎರಡೂ ನೋಟದ ಅಳತೆಯೊಳಗೇ ಬರುತ್ತವೆ. ಆದರೆ ಪ್ರಯಾಣಿಕರಿಗೆ ಸಿಗುವುದು ಒಂದೇ ಬದಿ. ಅರ್ಧ ಜಗತ್ತು ನಮ್ಮ ಕಿಟಕಿಯಲ್ಲಿರುತ್ತದೆ, ಉಳಿದರ್ಧ ಎದುರು ಬದಿಯವರ ಕಿಟಕಿಯಲ್ಲಿ. ಆದ್ದರಿಂದ ಸೀಟು ಆರಿಸುವಾಗ ಎಷ್ಟನೇ ಸಾಲು ಎಂಬುದಕ್ಕಿಂತ ಮೊದಲು ಎಡವೋ ಬಲವೋ ಎಂಬುದನ್ನು ತೀರ್ಮಾನಿಸಬೇಕು. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ರೆಕ್ಕೆ ಅಡ್ಡ ಬರದ ಸಾಲು ಹುಡುಕಿ, ಖಾಲಿ ಇದ್ದ ಯಾವುದೋ ಅಂಚಿನ ಸೀಟು ಒತ್ತಿಬಿಡುತ್ತಾರೆ. ಆಮೇಲೆ ಹತ್ತು ಗಂಟೆ ಕಣ್ಣಿಗೆ ಬಿಸಿಲು ಹೊಡೆಯುವ ಬದಿಯಲ್ಲಿ ಕಿಟಕಿ ಮುಚ್ಚಿಕೊಂಡು ಕೂರುತ್ತಾರೆ.

ಮೊದಲ ಸಲ ದೂರದ ವಿಮಾನ ಹತ್ತುತ್ತಿರುವವರಿಗೆ, ಅದರಲ್ಲೂ ಮಕ್ಕಳನ್ನು ನೋಡಲು ಯೂರೋಪಿಗೋ ಅಮೆರಿಕಕ್ಕೋ ಹೊರಟ ಅಪ್ಪ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಇದಕ್ಕೆ ದೊಡ್ಡ ತಾಂತ್ರಿಕ ಜ್ಞಾನ ಬೇಕಿಲ್ಲ. ಒಂದು ಸಂಜೆಯ ಬಿಡುವು, ಒಂದು ಮೊಬೈಲು, ದಿಕ್ಕುಗಳ ಅರಿವು ಇದ್ದರೆ ಸಾಕು.

ಹಂತ 1: ಅಕ್ಷರಗಳನ್ನು ತಿಳಿದುಕೊಳ್ಳಿ

ವಿಮಾನದ ಮೂತಿಯ ಕಡೆಗೆ ಮುಖ ಮಾಡಿ ಕೂತಾಗ ಎಡಗೈ ಬದಿಯ ಕಿಟಕಿ ಸೀಟು ‘ಎ’. ದೆಹಲಿ, ಮುಂಬೈಗೆ ಹೋಗುವ ಸಣ್ಣ ವಿಮಾನಗಳಲ್ಲಿ ನಡುವೆ ಒಂದೇ ಓಣಿ, ಎರಡೂ ಬದಿಗೆ ಮೂರು ಮೂರು ಸೀಟು. ಅಲ್ಲಿ ಬಲಬದಿಯ ಕಿಟಕಿ ‘ಎಫ್’. ದೂರ ಹೋಗುವ ಬೋಯಿಂಗ್ 777, 787, ಏರ್‌ಬಸ್ ಎ350ರಂಥ ದೊಡ್ಡ ವಿಮಾನಗಳಲ್ಲಿ ಎರಡು ಓಣಿ. ಅಲ್ಲಿ ಬಲಬದಿಯ ಕಿಟಕಿ ಸಾಮಾನ್ಯವಾಗಿ ‘ಕೆ’. ನಡುವೆ ಕೆಲವು ಅಕ್ಷರ ಬಿಟ್ಟುಹೋಗಿರುತ್ತವೆ, ‘ಐ’ ಅಂತೂ ಇರುವುದೇ ಇಲ್ಲ. ಅದರಿಂದ ಗಾಬರಿ ಬೇಡ.

ಹಂತ 2: ವಿಮಾನ ನಿಜವಾಗಿ ಹೋಗುವ ದಾರಿ ನೋಡಿ

ಗೋಡೆಯ ಮೇಲಿನ ಭೂಪಟ ನೋಡಿ ದಾರಿ ಊಹಿಸಬೇಡಿ. ಆ ಪಟದಲ್ಲಿ ಲಂಡನ್ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಗೆರೆ ಎಳೆದರೆ ಅಟ್ಲಾಂಟಿಕ್ ಸಾಗರವನ್ನು ಅಡ್ಡ ಕತ್ತರಿಸಿಕೊಂಡು ಹೋಗುತ್ತದೆ. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಅದರ ಮೇಲೆ ಒಂದು ದಾರ ಬಿಗಿಯಾಗಿ ಹಿಡಿದು ನೋಡಿ. ದಾರ ಗ್ರೀನ್‌ಲ್ಯಾಂಡಿನ ಮೇಲೇ ಹಾಯುತ್ತದೆ! ದುಂಡಗಿನ ಭೂಮಿಯ ಮೇಲೆ ಅತಿ ಹತ್ತಿರದ ದಾರಿ ಅದೇ, ವಿಮಾನಗಳು ಹಿಡಿಯುವುದೂ ಹೆಚ್ಚುಕಡಿಮೆ ಅದನ್ನೇ.

ಆದರೆ ದಾರವೂ ಪೂರ್ತಿ ಸತ್ಯ ಹೇಳುವುದಿಲ್ಲ. ದೇಶಗಳು ತಮ್ಮ ಆಕಾಶ ಮುಚ್ಚುತ್ತವೆ. 2022ರ ಫೆಬ್ರವರಿಯಿಂದ ಉಕ್ರೇನಿನ ಮೇಲೆ ಪ್ರಯಾಣಿಕ ವಿಮಾನ ಹಾರುತ್ತಿಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಹಾಗಾಗಿ ಒಂದೇ ಊರಿಗೆ ಹೋಗುವ ಭಾರತದ ವಿಮಾನವೂ ಯೂರೋಪಿನ ವಿಮಾನವೂ ಬೇರೆ ಬೇರೆ ನೆಲದ ಮೇಲೆ ಹಾರಬಹುದು. ಗಾಳಿಯ ಪಾತ್ರವೂ ಇದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವುದರಿಂದ ಅಲ್ಲಿನ ಆಕಾಶದ ಹಾದಿಗಳನ್ನು ದಿನವೂ ಹೊಸದಾಗಿ ಗೊತ್ತುಮಾಡುತ್ತಾರೆ. ಹೋಗುವ ದಾರಿಯಲ್ಲಿ ಕಂಡದ್ದು ಬರುವ ದಾರಿಯಲ್ಲಿ ಕಾಣದಿರಲು ಇದೇ ಕಾರಣ.

ಆದ್ದರಿಂದ ಫ್ಲೈಟ್‌ರಾಡಾರ್24 ಎಂಬ ಆ್ಯಪ್ ತೆರೆದು ನಿಮ್ಮ ವಿಮಾನದ ಸಂಖ್ಯೆ ಹಾಕಿ. ಹಿಂದಿನ ಕೆಲವು ದಿನ ಅದೇ ವಿಮಾನ ಹಾರಿದ ದಾರಿ ಗೆರೆಯಾಗಿ ಕಾಣುತ್ತದೆ. ಮೂರು ನಾಲ್ಕು ದಿನದ ಗೆರೆ ನೋಡಿ. ಎಲ್ಲವೂ ಒಂದೇ ಕಡೆ ಹಾದಿದ್ದರೆ ಆ ದಾರಿಯನ್ನು ನಂಬಬಹುದು. ದಿನಕ್ಕೊಂದು ಕಡೆ ಹರಡಿದ್ದರೆ ಒಂದು ನಿರ್ದಿಷ್ಟ ಬೆಟ್ಟದ ಆಸೆ ಇಟ್ಟುಕೊಳ್ಳದೆ ಬೆಳಕಿನ ಲೆಕ್ಕದ ಮೇಲೆ ಬದಿ ಆರಿಸಿ.

ಹಿಮಾಲಯದ ಬಗ್ಗೆ ಇಲ್ಲೇ ಒಂದು ಮಾತು. ಹಿಮಾಲಯದ ನೆತ್ತಿಯ ಮೇಲೇ ಹಾರುತ್ತೇವೆ, ಯಾವ ಬದಿಯಾದರೂ ಸರಿ ಎಂದು ಹಲವರು ಭಾವಿಸುತ್ತಾರೆ. ಅದು ಹಾಗಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ವಿಮಾನ ಬೇಗ 3 ಕಿ.ಮೀ. ಎತ್ತರಕ್ಕೆ ಇಳಿಯಬೇಕಾಗುತ್ತದೆ. ಟಿಬೆಟ್ಟಿನಲ್ಲಿ ನೆಲವೇ ಸರಾಸರಿ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ಅದಕ್ಕಾಗಿ ಬಹುತೇಕ ವಿಮಾನಗಳು ಅದನ್ನು ಬಳಸಿಕೊಂಡು ಹೋಗುತ್ತವೆ, ಪರ್ವತಸಾಲು ಪಕ್ಕದಿಂದ ಕಾಣುತ್ತದೆ. ದೆಹಲಿಯಿಂದ ಬ್ಯಾಂಕಾಕ್ ಕಡೆಗೋ ಬಾಗ್‌ಡೋಗ್ರಾಕ್ಕೋ ಹೋಗುವಾಗ ಎಡಕ್ಕೆ ಕೂರಬೇಕು, ಹಿಂದಿರುಗುವಾಗ ಬಲಕ್ಕೆ. ಮಳೆಗಾಲ ಕಳೆದ ಅಕ್ಟೋಬರ್, ನವೆಂಬರ್ ತಿಂಗಳ ಬೆಳಗಿನ ವಿಮಾನದಲ್ಲಿ ಈ ಬದಿ ಸಿಕ್ಕರೆ 8,586 ಮೀಟರ್‌ನ ಕಾಂಚನಜುಂಗಾ ಮಾತ್ರವಲ್ಲ, ಎವರೆಸ್ಟ್ ಕೂಡ ಗುರುತು ಹಿಡಿಯುವಷ್ಟು ಸ್ಪಷ್ಟವಾಗಿ ಕಾಣಬಹುದು.

ಹಂತ 3: ಸೂರ್ಯನ ಲೆಕ್ಕ ಹಾಕಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಇದಕ್ಕೆ ಹೆಚ್ಚು ಸಮಯ ಕೊಡಿ.

ಮನೆಯಲ್ಲೇ ಎದ್ದು ನಿಂತು ವಿಮಾನ ಹೋಗುವ ದಿಕ್ಕಿಗೆ ಮುಖ ಮಾಡಿ. ಪಶ್ಚಿಮಕ್ಕೆ ಹೋಗುವುದಾದರೆ ನಿಮ್ಮ ಎಡಗೈ ದಕ್ಷಿಣಕ್ಕೆ, ಬಲಗೈ ಉತ್ತರಕ್ಕೆ. ಪೂರ್ವಕ್ಕೆ ಹೋಗುವುದಾದರೆ ತಿರುಗುಮುರುಗು. ಉತ್ತರಕ್ಕಾದರೆ ಎಡ ಪಶ್ಚಿಮ, ಬಲ ಪೂರ್ವ. ಈಗ ಹೊರಡುವ ಹೊತ್ತು, ತಲುಪುವ ಹೊತ್ತು ನೋಡಿ ಸೂರ್ಯ ಯಾವ ಕೈ ಕಡೆ ಇರುತ್ತಾನೆ ಎಂದು ಕೇಳಿಕೊಳ್ಳಿ. ಯೂರೋಪ್, ಉತ್ತರ ಅಮೆರಿಕಗಳ ಮೇಲೆ ಹಾರುವಾಗ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ. ನಮ್ಮ ಊರಿನ ಕಥೆ ಸ್ವಲ್ಪ ಬೇರೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ಶೂನ್ಯ ನೆರಳಿನ ದಿನ ಬರುತ್ತದೆ. ಆ ಎರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ನಮಗೆ ತುಸು ಉತ್ತರಕ್ಕಿರುತ್ತಾನೆ. ದೂರದ ಪ್ರಯಾಣದಲ್ಲಿ ಇದು ಮೊದಲ ಗಂಟೆಗಳ ಮಾತಷ್ಟೇ, ಆಮೇಲೆ ಸೂರ್ಯ ದಕ್ಷಿಣಕ್ಕೆ ಸರಿಯುತ್ತಾನೆ.

ನೆಲ ನೋಡಬೇಕೆಂದರೆ ನೆರಳಿನ ಬದಿ ಹಿಡಿಯಿರಿ. ಸೂರ್ಯನ ಕಡೆಗೆ ನೋಡಿದಾಗ ಗಾಳಿಯಲ್ಲಿರುವ ದೂಳು, ತೇವ ಎಲ್ಲವೂ ಬೆಳಗಿ, ಕೆಳಗಿನ ನೆಲ ಬಿಳಿಚಿಕೊಂಡು ಮಬ್ಬಾಗುತ್ತದೆ. ಕಿಟಕಿಯ ಮೇಲಿನ ಪ್ರತಿ ಗೀರೂ ಹೊಳೆಯುತ್ತದೆ. ಸೂರ್ಯನಿಗೆ ಬೆನ್ನು ಕೊಟ್ಟು ನೋಡಿದಾಗ ಅದೇ ನೆಲಕ್ಕೆ ಬಣ್ಣ ಬರುತ್ತದೆ, ಕಣಿವೆಗಳ ಆಳ ತಿಳಿಯುತ್ತದೆ, ಹಿಮದ ಮೇಲಿನ ಬಿರುಕುಗಳೂ ಲೆಕ್ಕಕ್ಕೆ ಸಿಗುತ್ತವೆ. ಮೋಡ ಕವಿದರೂ ನೆರಳಿನ ಬದಿಯವರಿಗೆ ನಷ್ಟವಿಲ್ಲ: ಮೋಡದ ಮೇಲೆ ಬೀಳುವ ವಿಮಾನದ ನೆರಳು, ಅದರ ಸುತ್ತ ಬಣ್ಣಬಣ್ಣದ ಉಂಗುರ ಕಾಣುವುದು ಈ ಬದಿಗೆ ಮಾತ್ರ. ಸಂಜೆ ಹೊತ್ತು ಮುಳುಗುವ ಸೂರ್ಯನ ಎದುರು ದಿಕ್ಕಿನಲ್ಲಿ ಬೂದುನೀಲಿಯ ಒಂದು ಪಟ್ಟಿ ದಿಗಂತದಿಂದ ಮೇಲೇಳುತ್ತದೆ, ಅದರ ಮೇಲೆ ಗುಲಾಬಿ ಅಂಚು. ಅದು ಭೂಮಿಯದೇ ನೆರಳು. ನೆಲದ ಮೇಲಿಂದಲೂ ಇದನ್ನು ನೋಡಬಹುದು, ಆದರೆ ವಿಮಾನದಿಂದ ಕಂಡಷ್ಟು ಚೊಕ್ಕವಾಗಿ ಅಲ್ಲ.

ಸೂರ್ಯಾಸ್ತವೇ ಬೇಕು ಎನ್ನುವವರು ಬಿಸಿಲಿನ ಬದಿ ಆರಿಸಲಿ, ಅದೂ ಸರಿಯೇ. ಪಶ್ಚಿಮಕ್ಕೆ ಹೋಗುವ ವಿಮಾನದಲ್ಲಿ ಈ ಆಸೆಗೆ ದೊಡ್ಡ ಪ್ರತಿಫಲವಿದೆ. ಭೂಮಧ್ಯರೇಖೆಯಲ್ಲಿ ಭೂಮಿ ಗಂಟೆಗೆ ಸುಮಾರು 1,670 ಕಿ.ಮೀ. ವೇಗದಲ್ಲಿ ತಿರುಗುತ್ತದೆ. ಉತ್ತರಕ್ಕೆ ಹೋದಂತೆ ಈ ವೇಗ ಇಳಿದು, 57 ಡಿಗ್ರಿ ಅಕ್ಷಾಂಶದ ಹೊತ್ತಿಗೆ ಗಂಟೆಗೆ ಸುಮಾರು 900 ಕಿ.ಮೀ. ಆಗುತ್ತದೆ. ವಿಮಾನದ ವೇಗವೂ ಅಷ್ಟೇ. ಹೀಗಾಗಿ ಅಲ್ಲಿ ಪಶ್ಚಿಮಕ್ಕೆ ಹಾರುವ ವಿಮಾನಕ್ಕೆ ಸೂರ್ಯ ಇದ್ದಲ್ಲೇ ನಿಂತಂತೆ ತೋರುತ್ತಾನೆ, ಸಂಜೆಗೆಂಪು ಗಂಟೆಗಟ್ಟಲೆ ಆರುವುದಿಲ್ಲ. ಪೂರ್ವಕ್ಕೆ ಬರುವಾಗ ಕತ್ತಲೆಯೂ ಬೇಗ, ಬೆಳಗೂ ಬೇಗ.

ರಾತ್ರಿಯ ವಿಮಾನವಾದರೆ ಪ್ರಶ್ನೆ ಒಂದೇ: ಉತ್ತರ ಯಾವ ಕೈ ಕಡೆ? ಅಮೆರಿಕದಿಂದ ಯೂರೋಪಿಗೆ ರಾತ್ರಿ ಮರಳುವವರು ಎಡಬದಿ ಹಿಡಿಯಲಿ. ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಕೆನಡಾ, ಗ್ರೀನ್‌ಲ್ಯಾಂಡ್ ಸುತ್ತಿನ ಕತ್ತಲಲ್ಲಿ ಅರೋರಾ ಎಂದು ಕರೆಯುವ ಧ್ರುವಪ್ರಭೆ ಕಾಣುವ ಅವಕಾಶವಿದೆ. ಬರಿಗಣ್ಣಿಗೆ ಅದು ಮೊದಲು ಮಾಸಲು ಮೋಡದ ಗೆರೆಯಂತೆ ತೋರಬಹುದು. ಸಂಶಯ ಬಂದರೆ ಮೊಬೈಲಿನ ರಾತ್ರಿ ಮೋಡ್‌ನಲ್ಲಿ ಒಂದು ಚಿತ್ರ ತೆಗೆದು ನೋಡಿ, ಹಸಿರು ಬಂದರೆ ಅದೇ.

ಹಂತ 4: ಈಗ ಸಾಲು ಹುಡುಕಿ

ರೆಕ್ಕೆಯ ಮೇಲಿನ ಸಾಲುಗಳಲ್ಲಿ ಕೂತರೆ ದೂರದ ದಿಗಂತ ಕಾಣುತ್ತದೆ, ಕೆಳಗಿನ ನೆಲ ಕಾಣುವುದಿಲ್ಲ. ರೆಕ್ಕೆಯ ಮುಂದೆ ಕೂತರೆ ನೋಟ ಅತ್ಯಂತ ಸ್ವಚ್ಛ, ಆದರೆ ದೊಡ್ಡ ವಿಮಾನಗಳಲ್ಲಿ ಆ ಜಾಗವನ್ನು ಬಹುಮಟ್ಟಿಗೆ ಬಿಸಿನೆಸ್ ದರ್ಜೆಯೇ ಹಿಡಿದುಕೊಂಡಿರುತ್ತದೆ. ಎಕಾನಮಿ ದರ್ಜೆಯವರಿಗೆ ಉಳಿಯುವುದು ರೆಕ್ಕೆಯ ಹಿಂದಿನ ಸಾಲುಗಳು. ರೆಕ್ಕೆ ಮುಗಿದ ಕೂಡಲೇ ಬರುವ ಸಾಲು ಬೇಡ. ಎಂಜಿನ್ನಿನಿಂದ ಹೊಮ್ಮುವ ಬಿಸಿಗಾಳಿ ಅಲ್ಲಿನ ನೋಟವನ್ನು ಬೇಸಿಗೆಯ ಡಾಂಬರು ರಸ್ತೆಯ ಮೇಲಿನ ಗಾಳಿಯಂತೆ ಕದಡುತ್ತದೆ. ಇನ್ನೂ ಏಳೆಂಟು ಸಾಲು ಹಿಂದಕ್ಕೆ ಹೋಗಿ. ಅಲ್ಲಿಂದ ರೆಕ್ಕೆಯ ತುದಿ ಚಿತ್ರದ ಮೂಲೆಗೆ ಸರಿಯುತ್ತದೆ, ನೆಲ ಪೂರ್ತಿ ತೆರೆದುಕೊಳ್ಳುತ್ತದೆ. ಬಾಲದ ಹತ್ತಿರ ಕುಲುಕಾಟ ಸ್ವಲ್ಪ ಹೆಚ್ಚು. ಅದಕ್ಕೆ ಹೆದರುವವರು ಮಾತ್ರ ಯೋಚಿಸಿ, ಉಳಿದವರಿಗೆ ನನ್ನ ಮಟ್ಟಿಗೆ ಇದೇ ಒಳ್ಳೆಯ ಜಾಗ.

ಕಿಟಕಿ ಸೀಟು ಎಂದು ದುಡ್ಡು ಕೊಟ್ಟರೂ ಕಿಟಕಿಯೇ ಇಲ್ಲದಿರುವುದು ಇನ್ನೊಂದು ಅಪಾಯ. ವಿಮಾನದ ಕಿಟಕಿಗಳ ನಡುವಿನ ಅಂತರ ಸಾಮಾನ್ಯವಾಗಿ ಅರ್ಧ ಮೀಟರ್‌ನ ಆಸುಪಾಸು. ಎಕಾನಮಿ ಸಾಲುಗಳ ನಡುವಿನ ಅಂತರ 80 ಸೆಂ.ಮೀ. ಆಸುಪಾಸು. ಕಿಟಕಿ ಕೊರೆಯುವುದು ವಿಮಾನ ಕಟ್ಟುವ ಕಂಪನಿ, ಸೀಟು ಕೂರಿಸುವುದು ವಿಮಾನಸಂಸ್ಥೆಯ ಇಷ್ಟ. ಎರಡೂ ಒಂದಕ್ಕೊಂದು ಹೊಂದಲೇಬೇಕೆಂದಿಲ್ಲ. ಕೆಲವು ಸಾಲುಗಳಿಗೆ ಎರಡು ಕಿಟಕಿ ಸಿಕ್ಕರೆ ಕೆಲವಕ್ಕೆ ಬರೀ ಗೋಡೆ. ಬೋಯಿಂಗ್ 737ರಲ್ಲಿ ಹವಾನಿಯಂತ್ರಣದ ಕೊಳವೆ ಗೋಡೆಯೊಳಗೆ ಹಾಯುವ ಕಡೆ, ರೆಕ್ಕೆಗಿಂತ ಸ್ವಲ್ಪ ಮುಂದೆ, ಎಡಬದಿಯ ಒಂದು ಸಾಲಿಗೆ ಕಿಟಕಿ ಇಲ್ಲದಿರುವುದು ಪ್ರಸಿದ್ಧ. ಇಂಥ ಸೀಟುಗಳನ್ನು ಕಿಟಕಿ ಸೀಟೆಂದು ಮಾರಿದ್ದಕ್ಕೆ 2025ರ ಆಗಸ್ಟಿನಲ್ಲಿ ಅಮೆರಿಕದ ಎರಡು ವಿಮಾನಸಂಸ್ಥೆಗಳ ಮೇಲೆ ಪ್ರಯಾಣಿಕರು ಮೊಕದ್ದಮೆಯನ್ನೇ ಹೂಡಿದರು.

ವಿಮಾನಸಂಸ್ಥೆಯ ಸೀಟುನಕ್ಷೆಯಲ್ಲಿ ಕಿಟಕಿಗಳ ನಿಜವಾದ ಸ್ಥಾನ ಸಾಮಾನ್ಯವಾಗಿ ಇರುವುದಿಲ್ಲ. ಏರೋಲೋಪಾ ಎಂಬ ತಾಣದಲ್ಲಿ ಸಂಸ್ಥೆವಾರು, ವಿಮಾನವಾರು ಅಳತೆಗೆ ಸರಿಯಾಗಿ ಬರೆದ ನಕ್ಷೆಗಳಿವೆ. ಯಾವ ಸಾಲಿನ ಎದುರು ಕಿಟಕಿ ಇದೆ, ರೆಕ್ಕೆ ಎಲ್ಲಿಂದ ಎಲ್ಲಿಯವರೆಗೆ ಎಂದು ಅದರಲ್ಲಿ ನೋಡಬಹುದು. ಟಿಕೆಟ್ಟಿನಲ್ಲಿ ಬರೆದಿರುವ ವಿಮಾನದ ಮಾದರಿಯನ್ನು ಸರಿಯಾಗಿ ಹೊಂದಿಸಿ ನೋಡಿ. ಒಂದೇ ಸಂಸ್ಥೆಯ ಒಂದೇ ಮಾದರಿಯಲ್ಲೂ ಎರಡು ಮೂರು ಬಗೆಯ ಜೋಡಣೆ ಇರುವುದುಂಟು.

ಮಾದರಿಗಳ ಬಗ್ಗೆ ಸ್ವಲ್ಪ. ಬೋಯಿಂಗ್ 787ರ ಕಿಟಕಿ ದೊಡ್ಡದು, ಸುಮಾರು 27 ಸೆಂ.ಮೀ. ಅಗಲ, 47 ಸೆಂ.ಮೀ. ಎತ್ತರ. ಆದರೆ ಅದಕ್ಕೆ ಎಳೆಯುವ ಪರದೆ ಇಲ್ಲ, ಗುಂಡಿ ಒತ್ತಿದರೆ ಗಾಜು ನೀಲಿಯಾಗಿ ಕಪ್ಪಾಗುತ್ತದೆ. ಸಿಬ್ಬಂದಿ ಬೇಕೆಂದರೆ ಎಲ್ಲ ಕಿಟಕಿಗಳನ್ನೂ ಒಟ್ಟಿಗೆ ಕಪ್ಪಾಗಿಸಿ ಹಿಡಿದಿಡಬಹುದು, ಇದೊಂದು ತೊಡಕು. ಏರ್‌ಬಸ್ ಎ330ರಲ್ಲಿ ಅಂಚಿಗೆ ಎರಡೇ ಸೀಟು; ಗಂಡ ಹೆಂಡತಿ ಇಬ್ಬರೇ ಹೋಗುವಾಗ ಮೂರನೆಯವರನ್ನು ಎಬ್ಬಿಸುವ ಸಂಕೋಚವಿಲ್ಲ. 777ರ ಕೊನೆಯ ಕೆಲವು ಸಾಲುಗಳಲ್ಲೂ ವಿಮಾನ ಕಿರಿದಾಗುವುದರಿಂದ ಅಂಚಿಗೆ ಎರಡೇ ಸೀಟು ಬರುತ್ತವೆ. ಮಂಡಿನೋವಿರುವ ಹಿರಿಯರಿಗೆ, ಪದೇ ಪದೇ ಏಳಬೇಕಾದವರಿಗೆ ಇವು ತುಂಬ ಅನುಕೂಲ.

ಹಂತ 5: ಒಂದು ದಾರಿಯನ್ನು ಹಿಡಿದು ಅಭ್ಯಾಸ ಮಾಡಿ

ಬೆಳಗ್ಗೆ ಬೆಂಗಳೂರು ಬಿಟ್ಟು ಲಂಡನ್, ಅಲ್ಲಿಂದ ಹಗಲಿನ ವಿಮಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಎಂದಿಟ್ಟುಕೊಳ್ಳೋಣ. ಬೇ ಏರಿಯಾದಲ್ಲಿ ಮಕ್ಕಳಿರುವ ಎಷ್ಟೋ ಕನ್ನಡಿಗರ ದಾರಿ ಇದು.

ಬೆಂಗಳೂರಿನಿಂದ ಲಂಡನ್ ವಾಯವ್ಯಕ್ಕೆ. ಎಡ ಕಿಟಕಿ ನೈಋತ್ಯಕ್ಕೆ ತೆರೆಯುತ್ತದೆ, ಬಲ ಕಿಟಕಿ ಈಶಾನ್ಯಕ್ಕೆ. ದೇವನಹಳ್ಳಿಯಿಂದ ಪಶ್ಚಿಮಕ್ಕೆ ಮೇಲೆದ್ದರೆ ನಂದಿಬೆಟ್ಟ ಬಲಕ್ಕೆ, ನಗರ ಎಡಕ್ಕೆ. ಮುಂದೆ ನೇರ ದಾರಿಯಲ್ಲೇ ಹೋದರೆ ತುಂಗಭದ್ರಾ ಜಲಾಶಯ ಬಲಕ್ಕೇ ಬರುತ್ತದೆ. ಮೊದಲ ಕೆಲವು ಗಂಟೆ ಸೂರ್ಯ ಬೆನ್ನ ಹಿಂದೆ, ತುಸು ಬಲಕ್ಕಿರುತ್ತಾನೆ; ಆಮೇಲೆ ಪ್ರಯಾಣವಿಡೀ ಎಡಕ್ಕೆ. ದಾರಿ ಟೆಹ್ರಾನಿನ ದಕ್ಷಿಣಕ್ಕೆ ಹಾದರೆ 5,600 ಮೀಟರ್‌ನ ದಮಾವಂದ್ ಶಿಖರ ಬಲಕ್ಕೆ. ಪೂರ್ವ ಟರ್ಕಿಯ ಮೇಲೆ ಹಾಯುವುದಾದರೆ 5,137 ಮೀಟರ್‌ನ ಅರಾರತ್ ಬೆಟ್ಟ ಯಾವ ಕಡೆಗೆ ಬರುತ್ತದೆ ಎಂದು ಹಳೆಯ ಗೆರೆಗಳಲ್ಲಿ ನೋಡಿಕೊಳ್ಳಿ. ಕೊನೆಯಲ್ಲಿ ಲಂಡನ್. ಅಲ್ಲಿ ಪಶ್ಚಿಮದ ಗಾಳಿಯೇ ಹೆಚ್ಚು, ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ. ಹೀಗಾಗಿ ಹೆಚ್ಚಿನ ದಿನ ಹೀಥ್ರೂಗೆ ಬರುವ ವಿಮಾನಗಳು ಪೂರ್ವದಿಂದ ನಗರದ ಮೇಲೇ ಹಾದು ಬರುತ್ತವೆ. ಆಗ ಥೇಮ್ಸ್ ನದಿಯ ತಿರುವುಗಳು, ಟವರ್ ಬ್ರಿಡ್ಜ್, ಸಂಸತ್ ಭವನ ಎಲ್ಲ ಬಲ ಕಿಟಕಿಯ ಕೆಳಗೆ ಒಂದರ ಹಿಂದೆ ಒಂದು ಬರುತ್ತವೆ. ಹಾಗಾಗಿ ಈ ತುಂಡಿಗೆ ‘ಕೆ’.

ಎರಡನೆಯ ತುಂಡಿಗೂ ‘ಕೆ’ಯೇ. ಲಂಡನ್ನಿಂದ ವಿಮಾನ ವಾಯವ್ಯಕ್ಕೆ ಏರಿ, ಸಾಮಾನ್ಯವಾಗಿ ಐಸ್‌ಲ್ಯಾಂಡಿನ ದಕ್ಷಿಣಕ್ಕೆ ಹಾಯುತ್ತದೆ. ಐಸ್‌ಲ್ಯಾಂಡ್ ಬಲಕ್ಕೆ ಉಳಿಯುತ್ತದೆ. ಸುಮಾರು 65, 66 ಡಿಗ್ರಿ ಉತ್ತರದಲ್ಲಿ ಗ್ರೀನ್‌ಲ್ಯಾಂಡ್ ಸಿಗುತ್ತದೆ. ಇಡೀ ಪ್ರಯಾಣದಲ್ಲಿ ಒಂದೇ ಒಂದು ಗಂಟೆ ಎಚ್ಚರವಿರುತ್ತೇನೆ ಎನ್ನುವವರು ಈ ಗಂಟೆಯಲ್ಲಿ ಎಚ್ಚರವಿರಿ. ಮೊದಲು ಪೂರ್ವತೀರದ ಕಪ್ಪು ಬಂಡೆಗಳು, ಅವುಗಳ ನಡುವೆ ಕಡಲಿಗೆ ಇಳಿಯುವ ಹಿಮನದಿಗಳು, ಬೇಸಿಗೆಯಾದರೆ ನೀಲಿ ನೀರಿನಲ್ಲಿ ಚದುರಿದ ಹಿಮಗಡ್ಡೆಗಳು. ಆಮೇಲೆ ಗುರುತೇ ಇಲ್ಲದ ಬಿಳುಪು. ಆ ಹಿಮದ ಹಾಸು ಸುಮಾರು 17 ಲಕ್ಷ ಚದರ ಕಿ.ಮೀ., ಭಾರತದ ಅರ್ಧಕ್ಕಿಂತ ಹೆಚ್ಚು. ಕೆಲವೆಡೆ ಅದರ ದಪ್ಪ 3 ಕಿ.ಮೀ. ಮೀರುತ್ತದೆ. ಇಷ್ಟು ಬಿಳುಪಿನ ಮೇಲೆ ಬಿಸಿಲಿನ ಬದಿಯಲ್ಲಿ ಕೂತರೆ ಕಣ್ಣು ತೆರೆಯುವುದೇ ಕಷ್ಟ. ಸೂರ್ಯ ಎಡಕ್ಕಿರುವುದರಿಂದ ಬಲಬದಿಯವರಿಗೆ ಹಿಮದ ಮೇಲಿನ ಪ್ರತಿ ಏರಿಳಿತವೂ ಕಾಣುತ್ತದೆ.

ಕೊನೆಯ ಎರಡು ಮೂರು ಗಂಟೆ ವಿಮಾನ ನೈಋತ್ಯಕ್ಕೆ ಹೊರಳುತ್ತದೆ, ಮಧ್ಯಾಹ್ನದ ಸೂರ್ಯ ಮುಂದಕ್ಕೆ, ಬಲಕ್ಕೆ ಸರಿಯುತ್ತಾನೆ. ಅಷ್ಟು ಹೊತ್ತಿಗೆ ಕೆನಡಾ ಮುಗಿದಿರುತ್ತದೆ. ಬಿಸಿಲಿದ್ದರೂ ಕ್ಯಾಲಿಫೋರ್ನಿಯಾದ ಉತ್ತರದಲ್ಲಿ ಒಂಟಿಯಾಗಿ ನಿಂತ ಶಾಸ್ತಾ ಜ್ವಾಲಾಮುಖಿ ಬಲಕ್ಕೇ ಬರುವುದರಿಂದ ಸೀಟು ಬದಲಿಸಬೇಕೆನಿಸುವುದಿಲ್ಲ.

ಹಂತ 6: ಸೀಟು ಹಿಡಿಯಿರಿ

ಟಿಕೆಟ್ ಕೊಂಡ ದಿನವೇ ದುಡ್ಡು ಕೊಟ್ಟು ಸೀಟು ಹಿಡಿಯುವುದು ಭದ್ರ. ಜೀವನದಲ್ಲಿ ಒಂದೆರಡು ಸಲ ಮಾಡುವ ಪ್ರಯಾಣವಾದರೆ ಆ ದುಡ್ಡು ಕೊಡುವುದು ಸರಿ ಎಂದೇ ನನ್ನ ಅಭಿಪ್ರಾಯ. ಕೊಡಲು ಮನಸ್ಸಿಲ್ಲದಿದ್ದರೆ ವೆಬ್ ಚೆಕ್-ಇನ್ ತೆರೆಯುವ ಸಮಯವನ್ನು ಮೊದಲೇ ತಿಳಿದು, ತೆರೆದ ನಿಮಿಷಕ್ಕೇ ಕೂತುಕೊಳ್ಳಿ. ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿ. ವಿಮಾನದ ಮಾದರಿ ಬದಲಾದರೆ ನಿಮ್ಮ ಸೀಟೂ ಬದಲಾಗಿರಬಹುದು.

ಹಂತ 7: ಕೂತ ಮೇಲೆ

ಒಂದು ಮೆತ್ತನೆಯ ಬಟ್ಟೆ ಇಟ್ಟುಕೊಂಡು ಒಳಗಿನ ಗಾಜು ಒರೆಸಿ. ಗಾಜಿನ ಕೆಳಭಾಗದಲ್ಲಿ ಸಣ್ಣ ತೂತು ಕಂಡರೆ ಹೆದರಬೇಡಿ. ಪದರಗಳ ನಡುವಿನ ಒತ್ತಡ ಸರಿದೂಗಿಸಲು, ಮಂಜು ಕಟ್ಟದಿರಲು ಬೇಕೆಂದೇ ಮಾಡಿದ್ದು ಅದು. ಪೋಲರಾಯ್ಡ್ ತಂಪು ಕನ್ನಡಕ ಹಾಕಿ ನೋಡಿದರೆ ಕಿಟಕಿಯ ಪ್ಲಾಸ್ಟಿಕ್ಕಿನಲ್ಲಿ ಕಾಮನಬಿಲ್ಲಿನ ಬಣ್ಣದ ಕಲೆಗಳು ಮೂಡುತ್ತವೆ, ಅದನ್ನು ತೆಗೆದಿಡಿ. ಚಿತ್ರ ತೆಗೆಯುವಾಗ ಮೊಬೈಲನ್ನು ಗಾಜಿಗೆ ಹತ್ತಿರ ಹಿಡಿಯಿರಿ, ಒತ್ತಬೇಡಿ. ಒತ್ತಿದರೆ ವಿಮಾನದ ನಡುಕ ಚಿತ್ರಕ್ಕೂ ಬರುತ್ತದೆ. ರಾತ್ರಿ ಓದುವ ದೀಪ, ಎದುರಿನ ಪರದೆ ಎರಡನ್ನೂ ಆರಿಸಿ, ಅವರು ಕೊಡುವ ಕಂಬಳಿಯನ್ನು ತಲೆಯ ಮೇಲಿಂದ ಕಿಟಕಿಯವರೆಗೆ ಹೊದ್ದು ನೋಡಿ. ಒಳಗಿನ ಬೆಳಕು ಗಾಜಿನಲ್ಲಿ ಹೊಳೆಯದಿದ್ದರೆ ನಕ್ಷತ್ರಗಳೂ ಕಾಣುತ್ತವೆ. ಸೈನ್ಯದ ವಿಮಾನನೆಲೆಗಳಲ್ಲಿ ಇಳಿಯುವಾಗ ಏರುವಾಗ ಚಿತ್ರ ತೆಗೆಯುವಂತಿಲ್ಲ ಎಂಬುದು ನೆನಪಿರಲಿ.

ದೂರದ ವಿಮಾನಗಳಲ್ಲಿ ಊಟ ಮುಗಿದ ಮೇಲೆ ಹಗಲಿದ್ದರೂ ಕಿಟಕಿ ಮುಚ್ಚಿಸುತ್ತಾರೆ. ಪಕ್ಕದವರು ಮಲಗಿದ್ದರೆ ಅವರ ನಿದ್ದೆಗೆ ಮರ್ಯಾದೆ ಕೊಡಿ, ಅಂಗೈ ಅಗಲದಷ್ಟು ಮಾತ್ರ ತೆರೆದು ನೋಡಿ. 787ರಲ್ಲಿ ಗ್ರೀನ್‌ಲ್ಯಾಂಡ್ ಬರುವ ಹೊತ್ತಿಗೆ ಗಾಜು ಕಪ್ಪಾಗಿದ್ದರೆ ಗಗನಸಖಿಯನ್ನು ಕರೆದು, ನಿಮ್ಮ ಒಂದು ಕಿಟಕಿಯನ್ನು ಸ್ವಲ್ಪ ಹೊತ್ತು ತಿಳಿಯಾಗಿಸಬಹುದೇ ಎಂದು ವಿನಯದಿಂದ ಕೇಳಿ.

ಇಷ್ಟೆಲ್ಲ ಮಾಡಿಯೂ ನಡುವಿನ ಸೀಟೇ ಸಿಕ್ಕಿತೆನ್ನಿ. ದೊಡ್ಡ ವಿಮಾನಗಳಲ್ಲಿ ಊಟ ಸಿದ್ಧಪಡಿಸುವ ಜಾಗದ ಬಳಿಯ ಬಾಗಿಲುಗಳಿಗೂ ಒಂದೊಂದು ಪುಟ್ಟ ಕಿಟಕಿ ಇರುತ್ತದೆ. ಎದುರಿನ ಪರದೆಯಲ್ಲಿ ನಕ್ಷೆ ಇಟ್ಟುಕೊಂಡು, ಬೇಕಾದ ಜಾಗ ಬಂದಾಗ ಕಾಲಾಡಿಸುವ ನೆಪದಲ್ಲಿ ಎದ್ದುಹೋಗಿ, ಸಿಬ್ಬಂದಿಯನ್ನು ಕೇಳಿ ಅಲ್ಲಿ ನಿಂತು ನೋಡಿ. ಬಿಡುವಿದ್ದರೆ ಸಾಮಾನ್ಯವಾಗಿ ಬೇಡ ಎನ್ನುವುದಿಲ್ಲ. ಬಾಗಿಲಿಗೆ ಒರಗಬೇಡಿ, ಹಿಡಿಕೆ ಮುಟ್ಟಬೇಡಿ. ಸೀಟ್‌ಬೆಲ್ಟಿನ ದೀಪ ಹೊತ್ತಿದ ಕೂಡಲೇ ನಿಮ್ಮ ಜಾಗಕ್ಕೆ ಮರಳಿ.